ಹರಿಹರದ ಹೊಳೆಯೂ ಮಳೆಗಾಲವೂ

ಶೀತದೇಶಗಳ ಜನರಿಗೆ ಚಳಿಗಾಲದ ಹಿಮಪಾತವು ಹೇಗೆ ವರ್ಷಂಪ್ರತಿ ಬರುವ ಪರೀಕ್ಷೆಯೋ ಹಾಗೆಯೇ ತುಂಗಭದ್ರಾತೀರದವರಿಗೆ ಮಳೆಗಾಲದ ಮಹಾಪೂರವು. ಅಲ್ಲಿ ಹಿಮವು ದಾರಿಯನ್ನು ಮುಚ್ಚುತ್ತದೆ; ಇಲ್ಲಿ ಹೊಳೆಯು ಮುಚ್ಚುತ್ತದೆ. ದಾವಣಗೆರೆ ಹರಿಹರಗಳ ಪ್ರಾಂತದಲ್ಲಿ ಜನರು ಈ ಹೊಳೆಯೊಡನೆ ಹಿಂದೆ ಹೇಗೆ ಬಾಳಿದರು, ಈಗ ಹೇಗೆ ಬಾಳುತ್ತಿದ್ದಾರೆ ಎಂಬುದನ್ನು ಸಂಗ್ರಹವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಈ ಪೂರದ ಸ್ವಭಾವವನ್ನು ಮೊದಲು ತಿಳಿಯತಕ್ಕದ್ದು. ದಾವಣಗೆರೆಯು ಬಯಲುಸೀಮೆಯ ಊರು. ಇಲ್ಲಿ ಮಳೆಯು ಮಿತವಾದುದು. ಆದರೆ ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತವೆ. ಆದಕಾರಣ ಪುನರ್ವಸು, ಪುಷ್ಯ ಮಳೆಗಳು ಘಟ್ಟದಲ್ಲಿ ಹೊಯ್ದರೆ, ನಮ್ಮಲ್ಲಿ ಬರಿಯ ಮೋಡ ಕವಿದಿರುವಾಗಲೇ ಹೊಳೆಯು ಕೆಂಪಾಗಿ ದಡವನ್ನು ಮೀರುವುದುಂಟು. ಇಲ್ಲಿಯ ಆಕಾಶವನ್ನು ನೋಡಿ ಇಲ್ಲಿಯ ಹೊಳೆಯನ್ನು ಅಳೆಯುವಂತಿಲ್ಲ.

ಹರಿಹರವು ಬಹು ಪುರಾತನವಾದ ಕ್ಷೇತ್ರ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ. ಶ. ೧೨೨೪ರ ಸುಮಾರಿನಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದನು. ಆ ಕಾಲದಿಂದ ಮೊದಲುಗೊಂಡು ಆರು ಶತಮಾನಗಳಿಗೂ ಮೀರಿ ಇಲ್ಲಿ ಮಳೆಗಾಲದಲ್ಲಿ ಹೊಳೆ ದಾಟಲು ಹರಿಗೋಲೇ ಗತಿಯಾಗಿತ್ತು. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಇದೇ ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಾದ, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಒಂದರಲ್ಲಿ ಹದಿನೈದಿಪ್ಪತ್ತು ಜನರು ಕೂರಬಹುದಾಗಿತ್ತಂತೆ. ಪ್ರವಾಹವು ಉಕ್ಕಿದಾಗ ಹರಿಗೋಲೂ ನಿಲ್ಲುವುದು. ಪಯಣಿಗನು ಹೊಳೆಯು ಇಳಿಯುವವರೆಗೆ ದಡದಲ್ಲಿ ಕಾಯಲೇಬೇಕು. ಸೈನ್ಯಗಳಿಗೂ ಇದೇ ನಿಯಮವು. ೧೮೦೩ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಹರಿಹರದಿಂದ ದಂಡೆತ್ತಿ ಹೊರಟು, ಹಾವನೂರಿನ ಬಳಿ ಹೊಳೆಯನ್ನು ದಾಟಿದುದು ಮಾರ್ಚಿ ತಿಂಗಳಿನಲ್ಲಿ, ಎಂದರೆ ನೀರು ಇಳಿದಿದ್ದ ಕಾಲದಲ್ಲಿ.

ದಡದ ಮೇಲೆ ಮಳೆಯನ್ನು ತಡೆಯುತ್ತಿದ್ದುದು ಕಂಬಳಿ. ಹೈದರನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ದಾವಣಗೆರೆಯನ್ನು ಜಹಗೀರಾಗಿ ಕೊಟ್ಟ ಮೇಲೆ ಊರು ವರ್ತಕರ ಪೇಟೆಯಾಗಿ ಬೆಳೆಯಿತು. ಇಲ್ಲಿಯ ಕೈಮಗ್ಗದ ಕಂಬಳಿಗಳು ದೂರದೂರಕ್ಕೆ ಹೆಸರಾದುವು. ಕೊಪ್ಪೆ ಹಾಕಿಕೊಂಡ ರೈತನಿಗೆ ಅದೇ ಛತ್ರಿ, ಅದೇ ಹಾಸಿಗೆ, ಅದೇ ಹೊದಿಕೆ.

೧೮೬೮ರಲ್ಲಿ ಹರಿಹರದ ಸೇತುವೆಯು ಪೂರೈಸಿತು. ಕಲ್ಲು ಇಟ್ಟಿಗೆಗಳಿಂದ ಕಟ್ಟಿದ, ೬೦ ಅಡಿ ಅಗಲದ ೧೪ ಕಮಾನುಗಳುಳ್ಳ ಈ ಸೇತುವೆಗೆ ಸುಮಾರು ಮೂರೂವರೆ ಲಕ್ಷ ರೂಪಾಯಿ ವೆಚ್ಚವಾಯಿತು. ಆಗ ಈ ಹೊಳೆಯು ಮೈಸೂರು ಸೀಮೆಗೂ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೂ ಎಲ್ಲೆಯಾಗಿತ್ತು. ಒಂದೇ ನುಡಿಯನ್ನಾಡುವ ಎರಡು ದಡದ ಜನರನ್ನು ೧೯೫೬ರಲ್ಲಿ ರಾಜ್ಯವು ಒಂದುಗೂಡಿಸುವುದಕ್ಕೆ ಎಂಬತ್ತೆಂಟು ವರ್ಷ ಮೊದಲೇ ಸೇತುವೆಯು ಮಳೆಗಾಲದಲ್ಲಿಯೂ ಒಂದುಗೂಡಿಸಿತೆಂದು ಹೇಳಬಹುದು.

ಎರಡನೆಯ ದೊಡ್ಡ ಮಾರ್ಪಾಟು ಲಕ್ಕವಳ್ಳಿಯ ಭದ್ರಾ ಜಲಾಶಯದಿಂದಾಯಿತು. ೧೮೬ ಅಡಿಯ ಮಟ್ಟದವರೆಗೆ ಸುಮಾರು ೭೧ ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಜಲಾಶಯದ ನಾಲೆಗಳು ದಾವಣಗೆರೆಯ ಬಯಲನ್ನು ಬತ್ತದ ಗದ್ದೆಯನ್ನಾಗಿ ಮಾಡಿದುವು. ಮೊದಲು ಭಯಕ್ಕೆ ಕಾರಣವಾಗಿದ್ದ ನೀರೇ ಅನ್ನಕ್ಕೆ ಕಾರಣವಾಯಿತು. ೨೦೨೩ರಲ್ಲಿ ಮಳೆಯು ಕೈಕೊಟ್ಟು ಜಲಾಶಯವು ತುಂಬದಿರಲು, ನಾಲೆಯ ನೀರಿಗಾಗಿ ರೈತರು ಬೀದಿಗಿಳಿದರು. ೨೦೨೪ರಲ್ಲಿ ಅದೇ ಜಲಾಶಯವು ತುಂಬಿ ಹೊಳೆಗೆ ನೀರನ್ನು ಬಿಡಬೇಕಾಯಿತು.

ಆದರೆ ಅಣೆಕಟ್ಟು ಬಂದುದರಿಂದ ಪೂರವು ಅಡಗಿತೆಂದು ಭಾವಿಸುವುದು ಸರಿಯಲ್ಲ. ಭದ್ರೆಗೆ ಕಟ್ಟು ಇದೆ. ತುಂಗೆಗಾದರೋ ಗಾಜನೂರಿನಲ್ಲಿರುವುದು ಸಣ್ಣ ಜಲಾಶಯವು. ಅದು ಬೇಗನೆ ತುಂಬಿ, ಬಂದ ನೀರನ್ನೆಲ್ಲ ಮುಂದಕ್ಕೆ ಬಿಡುತ್ತದೆ. ೨೦೧೯ರ ಆಗಸ್ಟಿನಲ್ಲಿ ಹರಿಹರದ ಗಂಗಾನಗರದ ಮನೆಗಳಿಗೆ ನೀರು ನುಗ್ಗಿ ಜನರು ಗಂಜಿಕೇಂದ್ರವನ್ನು ಸೇರಬೇಕಾಯಿತು. ಉಕ್ಕಡಗಾತ್ರಿಯ ಸ್ನಾನಘಟ್ಟವು ಮುಳುಗುವುದೂ ಅಲ್ಲಿಗೆ ಹೋಗುವ ದಾರಿಯು ಕಡಿಯುವುದೂ ಇಂದಿಗೂ ಕೇಳಿಬರುವ ವಾರ್ತೆಯೇ.

ಅಂದಿಗೂ ಇಂದಿಗೂ ಇರುವ ಭೇದವಾವುದು? ಅಂದು ಹೊಳೆಯು ಎಲ್ಲರನ್ನೂ ತಡೆಯುತ್ತಿತ್ತು. ವರ್ತಕನೂ ಯಾತ್ರಿಕನೂ ದಂಡನಾಯಕನೂ ದಡದಲ್ಲಿ ಸಮಾನರಾಗಿ ಕಾಯುತ್ತಿದ್ದರು. ಇಂದು ಸೇತುವೆಯ ಮೇಲೆ ಸಾಗುವವನಿಗೆ ಪೂರವು ನೋಡತಕ್ಕ ದೃಶ್ಯವು. ತಗ್ಗಿನಲ್ಲಿ ವಾಸಿಸುವ ಬಡವನಿಗೆ ಮಾತ್ರ ಅದು ವಿಪತ್ತು. ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ನೀರನ್ನು ಬಿಟ್ಟರೆಂಬುದು ಈಗ ಮುಂಚಿತವಾಗಿಯೇ ತಿಳಿಯುತ್ತದೆ. ಇದರಿಂದ ಪ್ರಾಣಗಳು ಉಳಿಯುವುವು; ಆದರೆ ಮನೆಯ ಗೋಡೆಯೂ ಕಾಳಿನ ಚೀಲವೂ ಮಕ್ಕಳ ಪುಸ್ತಕವೂ ಉಳಿಯವು. ಬೇಸಗೆಯಲ್ಲಿ ಬರಿದಾಗಿ ಕಾಣುವ ತಗ್ಗು ನೆಲವು ಹೊಳೆಗೆ ಸೇರಿದುದೆಂಬುದನ್ನು ಮರೆತು ಅಲ್ಲಿ ಮನೆ ಕಟ್ಟಲು ಎಡೆಗೊಡುವವರೆಗೆ ಈ ಕಷ್ಟವು ತಪ್ಪದು.

ದಾವಣಗೆರೆಯು ಹೊಳೆಯಿಂದ ದೂರವಿದ್ದರೂ, ರಾಜನಹಳ್ಳಿಯಲ್ಲಿ ಎತ್ತಿದ ಈ ಹೊಳೆಯ ನೀರನ್ನೇ ಕುಡಿಯುತ್ತದೆ. ಹೊಳೆಯ ಲಾಭವನ್ನು ಇಡೀ ನಾಡು ಹಂಚಿಕೊಂಡು, ಅದರ ಹಾನಿಯನ್ನು ದಡದ ಕೆಲವು ಮನೆಗಳಿಗೆ ಮಾತ್ರ ಬಿಡುವುದು ನ್ಯಾಯವಲ್ಲ. ತಗ್ಗಿನವರಿಗೆ ಎತ್ತರದ ನೆಲೆಯನ್ನು ಒದಗಿಸುವ ಕಾರ್ಯವು ಪೂರ ಬಂದ ವಾರದಲ್ಲಿ ಆಗತಕ್ಕದ್ದಲ್ಲ, ಹೊಳೆಯು ಇಳಿದ ಬೇಸಗೆಯಲ್ಲಿ ಆಗತಕ್ಕದ್ದು. ಪ್ರಾಜ್ಞರು ಇದನ್ನು ಯೋಚಿಸುವರೆಂದು ನಂಬುತ್ತೇವೆ.