ಮೂಗು ಕಟ್ಟುವಿಕೆ ಹಾಗೂ ಸೈನಸ್ ಬಾಧೆಗೆ ಮೆಣಸಿನ ಮನೆಮದ್ದು: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ನೆಗಡಿಯಿಂದ ಮೂಗು ಕಟ್ಟಿ ತಲೆ ಭಾರವಾದಾಗ ಮೆಣಸಿನ ಸಾರು ಅಥವಾ ಮೆಣಸು-ಶುಂಠಿಯ ಕಷಾಯ ಸೇವಿಸುವ ರೂಢಿಯು ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳೂ ಸೇರಿದಂತೆ ರಾಜ್ಯದ ಎಲ್ಲೆಡೆ ಇದೆ. ತುಮಕೂರು ತಾಲ್ಲೂಕಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 24-09-2014ರಂದು ಉದ್ಘಾಟನೆಗೊಂಡ ಆಹಾರ ಪಾರ್ಕ್ ಒಳಗೊಂಡಂತೆ ಹಲವು ಘಟಕಗಳಿವೆ. ಇಂತಹ ಪ್ರದೇಶಗಳಲ್ಲಿ ಧೂಳಿನ ನಡುವೆ ದುಡಿಯುವವರಿಗೆ ಮೂಗಿನ ತೊಂದರೆ ಮರುಕಳಿಸಬಹುದು. ಈ ಮನೆಮದ್ದಿನಿಂದ ದೊರೆಯುವ ಉಪಶಮನವೆಷ್ಟು ಹಾಗೂ ವೈದ್ಯರನ್ನು ಯಾವಾಗ ಕಾಣಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸೈನಸ್ ಎಂದರೇನು?

ಹಣೆ, ಕೆನ್ನೆ, ಕಣ್ಣುಗಳ ನಡುವೆ ಹಾಗೂ ಮೂಗಿನ ಹಿಂಭಾಗದ ಮೂಳೆಗಳಲ್ಲಿರುವ ನಾಲ್ಕು ಜೊತೆ ಗಾಳಿಕುಹರಗಳಿಗೆ ಸೈನಸ್ ಎನ್ನುತ್ತಾರೆ. ಇವುಗಳ ಒಳಪೊರೆ ಊದಿಕೊಂಡು ಕಿರಿದಾದ ದ್ವಾರಗಳು ಮುಚ್ಚಿದಾಗ ಲೋಳೆಯು ಒಳಗೇ ನಿಂತು ನೋವು ಹಾಗೂ ಭಾರ ಉಂಟಾಗುತ್ತದೆ. ಬಹುಪಾಲು ಪ್ರಕರಣಗಳಿಗೆ ವೈರಸ್ ಕಾರಣವಾಗಿದ್ದು, ಹತ್ತು ದಿನಗಳೊಳಗೆ ತಾನಾಗಿಯೇ ಗುಣವಾಗುತ್ತವೆ.

ಮೆಣಸು ಮಾಡುವ ಕೆಲಸ

ಕರಿಮೆಣಸಿನ ಖಾರಕ್ಕೆ ಪೈಪರಿನ್ ಹಾಗೂ ಮೆಣಸಿನಕಾಯಿಯ ಖಾರಕ್ಕೆ ಕ್ಯಾಪ್ಸೈಸಿನ್ ಎಂಬ ಅಂಶಗಳು ಕಾರಣ. ಬಾಯಿ ಮತ್ತು ಮೂಗಿನ ನರತುದಿಗಳಲ್ಲಿ ಶಾಖ ಹಾಗೂ ಖಾರ ಎರಡನ್ನೂ ಗ್ರಹಿಸುವ ಗ್ರಾಹಕವನ್ನು ಡೇವಿಡ್ ಜೂಲಿಯಸ್ ಅವರ ತಂಡವು 1997ರಲ್ಲಿ ಗುರುತಿಸಿತು. ಈ ಸಾಧನೆಗಾಗಿ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಖಾರವು ಈ ನರಗಳನ್ನು ಕೆರಳಿಸುವುದರಿಂದ ಮೂಗಿನಲ್ಲಿ ನೀರಿನಂತಹ ಸ್ರಾವ ಹೆಚ್ಚಿ, ಕಟ್ಟಿದ್ದು ಸಡಿಲಗೊಂಡ ಅನುಭವವಾಗುತ್ತದೆ. ಬಿಸಿ ದ್ರವವೂ ಲೋಳೆಯನ್ನು ತೆಳುವಾಗಿಸಲು ನೆರವಾಗುತ್ತದೆ. ಆದರೆ ಮೂಗು ಸುರಿದ ಮಾತ್ರಕ್ಕೆ ಒಳಗಿನ ಊತ ಇಳಿಯಿತೆಂದಾಗಲೀ ಸೋಂಕು ವಾಸಿಯಾಯಿತೆಂದಾಗಲೀ ಭಾವಿಸತಕ್ಕದ್ದಲ್ಲ. ಈ ಉಪಶಮನವು ತಾತ್ಕಾಲಿಕವಾದುದು.

ಬಳಸುವ ಕ್ರಮ

1. ಕುಟ್ಟಿದ ನಾಲ್ಕೈದು ಕಾಳುಮೆಣಸು ಹಾಗೂ ಸಣ್ಣ ತುಂಡು ಶುಂಠಿಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಸೋಸಿ, ಹದವಾದ ಬಿಸಿಯಲ್ಲಿ ಸೇವಿಸಬಹುದು. ಊಟದೊಂದಿಗೆ ಮೆಣಸಿನ ಸಾರನ್ನೂ ಬಳಸಬಹುದು.

2. ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ ಹಾಗೂ ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಬಾರಿ ಸೇವಿಸುವಂತೆ ಕೇಂದ್ರ ಆಯುಷ್ ಸಚಿವಾಲಯವು 2020ರಲ್ಲಿ ಸಲಹೆ ನೀಡಿತ್ತು. ಅದು ಸಾಮಾನ್ಯ ಆರೋಗ್ಯ ರಕ್ಷಣೆಯ ಸಲಹೆಯೇ ಹೊರತು ಸೈನಸ್ ಸೋಂಕಿನ ಚಿಕಿತ್ಸೆಯಲ್ಲ.

3. ಹೊಟ್ಟೆಹುಣ್ಣು, ಎದೆಯುರಿ ಇರುವವರು ಖಾರವನ್ನು ಮಿತಿಗೊಳಿಸತಕ್ಕದ್ದು. ಪೈಪರಿನ್ ಕೆಲವು ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸಬಲ್ಲದು. ಆದುದರಿಂದ ಫೆನಿಟಾಯಿನ್, ಥಿಯೋಫಿಲಿನ್ ಮುಂತಾದವುಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಮೆಣಸಿನ ಚೂರ್ಣ ಅಥವಾ ಮಾತ್ರೆಗಳನ್ನು ಸೇವಿಸಬಾರದು.

4. ಒಂದು ವರ್ಷದೊಳಗಿನ ಮಕ್ಕಳಿಗೆ ಮೆಣಸನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಬಾರದು. ಜೇನುತುಪ್ಪದಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ತೊಂದರೆ ಉಂಟಾಗುವ ಸಂಭವವಿರುತ್ತದೆ.

ಮಾಡಬಾರದವು

ಖಾರದಪುಡಿ, ಮೆಣಸಿನ ಪುಡಿ ಅಥವಾ ಅವುಗಳ ನೀರನ್ನು ಮೂಗಿಗೆ ಹಾಕಬಾರದು. ಅಲರ್ಜಿಯಲ್ಲದ ದೀರ್ಘಕಾಲದ ನೆಗಡಿಗೆ ಅಳತೆಗೊಳಪಟ್ಟ ಕ್ಯಾಪ್ಸೈಸಿನ್ ಸಿಂಪಡಣೆಯನ್ನು ವೈದ್ಯಕೀಯ ಪ್ರಯೋಗಗಳಲ್ಲಿ ಪರೀಕ್ಷಿಸಲಾಗಿದೆಯಾದರೂ, ಅದು ಅಡುಗೆಮನೆಯ ಪುಡಿಗೆ ಅನ್ವಯಿಸುವುದಿಲ್ಲ. ಮೆಣಸಿನ ಕಾಳನ್ನು ಸೂಜಿಗೆ ಚುಚ್ಚಿ, ದೀಪಕ್ಕೆ ಹಿಡಿದು ಹೊಗೆ ಸೇದುವ ಪದ್ಧತಿಯು ಉಬ್ಬಸ ಇರುವವರಿಗೆ ಹಾನಿಕರ. ಬಿಸಿನೀರಿನ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಿ ಆವಿ ಕೊಡಿಸಿದಲ್ಲಿ ಸುಟ್ಟಗಾಯಗಳಾಗುವ ಅಪಾಯವಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಲಕ್ಷಣಗಳು ಹತ್ತು ದಿನ ಮೀರಿದಲ್ಲಿ, ಕಡಿಮೆಯಾಗಿ ಮತ್ತೆ ಉಲ್ಬಣಿಸಿದಲ್ಲಿ ಅಥವಾ ತೀವ್ರ ಜ್ವರವಿದ್ದಲ್ಲಿ ವೈದ್ಯರನ್ನು ಕಾಣತಕ್ಕದ್ದು. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜಾಗುವಿಕೆ, ಸಹಿಸಲಾಗದ ತಲೆನೋವು ಅಥವಾ ಕುತ್ತಿಗೆ ಬಿಗಿತ ಕಂಡುಬಂದಲ್ಲಿ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು. ಮಧುಮೇಹಿಗಳು ಮುಖದ ಒಂದೇ ಬದಿಯ ನೋವು, ಮರಗಟ್ಟುವಿಕೆ ಅಥವಾ ಮೂಗಿನಿಂದ ಕಪ್ಪು ಸ್ರಾವವನ್ನು ಎಂದಿಗೂ ಕಡೆಗಣಿಸಬಾರದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕಂಡುಬಂದ ಕಪ್ಪು ಶಿಲೀಂಧ್ರ ರೋಗದ ಲಕ್ಷಣಗಳು ಇವೇ ಆಗಿದ್ದವು. ಇಂತಹ ಸಂದರ್ಭದಲ್ಲಿ ಕಷಾಯ ಕುಡಿದು ಕಾಯುವ ಪ್ರತಿಯೊಂದು ದಿನವೂ ಕಣ್ಣಿಗೆ ಹಾಗೂ ಪ್ರಾಣಕ್ಕೆ ಅಪಾಯ ತರಬಲ್ಲದು.

ಕಾರ್ಮಿಕರ ಗಮನಕ್ಕೆ

ಕೆಲಸದ ದಿನಗಳಲ್ಲಿ ಮೂಗು ಕಟ್ಟಿ, ರಜೆಯಲ್ಲಿ ಸರಿಹೋಗುವುದಾದರೆ ಕೆಲಸದ ಸ್ಥಳದ ಧೂಳು ಕಾರಣವಾಗಿರಬಹುದು. ಮುಖಗವಸು ಧರಿಸುವುದು ಹಾಗೂ ಈ ವಿಷಯವನ್ನು ವೈದ್ಯರಿಗೆ ತಿಳಿಸುವುದು ಅವಶ್ಯಕ. ಧೂಳು ಮುಂದುವರಿದಲ್ಲಿ ಮೆಣಸಿನಿಂದ ಪರಿಹಾರ ದೊರೆಯದು.

ಚಿಕಿತ್ಸೆ ಪಡೆಯುವ ವಿಧಾನ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಅವಶ್ಯವಿದ್ದಲ್ಲಿ ಕಿವಿ, ಮೂಗು, ಗಂಟಲು ತಜ್ಞರ ತಪಾಸಣೆಗಾಗಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಇ.ಎಸ್.ಐ. ವಿಮೆಗೆ ಒಳಪಟ್ಟವರು ಇ.ಎಸ್.ಐ. ಚಿಕಿತ್ಸಾಲಯದ ಸೇವೆ ಪಡೆಯಬಹುದು. ಆಧಾರ್ ಚೀಟಿ, ಪಡಿತರ ಚೀಟಿ, ಹಿಂದಿನ ಔಷಧ ಚೀಟಿಗಳು ಹಾಗೂ ಮನೆಯಲ್ಲಿ ಸೇವಿಸಿದ ಮದ್ದಿನ ವಿವರವನ್ನು ಜೊತೆಯಲ್ಲಿ ಒಯ್ಯುವುದು. ತುರ್ತು ಸಂದರ್ಭದಲ್ಲಿ ದಾಖಲೆಗಳಿಗಾಗಿ ಕಾಯದೆ 108 ಆಂಬ್ಯುಲೆನ್ಸ್‌ಗೆ ಕರೆ ಮಾಡತಕ್ಕದ್ದು.