ಗೊರೂರಿನ ಕ್ಯಾಪ್ಟನ್, ಫ್ಯಾನ್ ಇರೋ ವಿಮಾನ

"ಫ್ಯಾನ್ ಇರೋ ವಿಮಾನಾನಾ? ಹಳೇದಿರಬೇಕು ಬಿಡಪ್ಪ." ಏರ್‌ಪೋರ್ಟ್‌ನಲ್ಲಿ ಈ ಮಾತನ್ನ ನಾನು ಎಷ್ಟೋ ಸಲ ಕೇಳಿದ್ದೇನೆ. ಹಳೇದಲ್ಲ ಸ್ವಾಮಿ! ಆ ಫ್ಯಾನಿನ ಹಿಂದೆ ಇರೋದೂ ಜೆಟ್‌ನಲ್ಲಿರುವಂಥ ಗ್ಯಾಸ್ ಟರ್ಬೈನೇ. ಜೆಟ್‌ನಲ್ಲಿ ಹಿಂದಕ್ಕೆ ಚಿಮ್ಮುವ ಗಾಳಿ ವಿಮಾನವನ್ನ ಮುಂದಕ್ಕೆ ತಳ್ಳುತ್ತೆ. ಇಲ್ಲಿ ಆ ಬಿಸಿಗಾಳಿಯ ಶಕ್ತಿಯ ಬಹುಪಾಲು ಟರ್ಬೈನ್ ತಿರುಗಿಸಿ, ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್‌ಗೆ ಹೋಗುತ್ತೆ. ಅದೇ ಟರ್ಬೊಪ್ರಾಪ್. ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜೆಟ್‌ಗಿಂತ ಕಡಿಮೆ ನಿಜ. ಆದರೆ ಇಂಧನ ಕಡಿಮೆ ಕುಡಿಯುತ್ತೆ, ಚಿಕ್ಕ ರನ್‌ವೇ ಸಾಕು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗೋಕೆ ಜೆಟ್ ಯಾಕೆ ಹೇಳಿ? ಮೇಲೇರಿ ನೆಟ್ಟಗಾಗೋ ಹೊತ್ತಿಗೆ ಇಳಿಯಬೇಕು.

ಈ ಲೆಕ್ಕ ಹಾಕಿದವರು ನಮ್ಮ ಹಾಸನ ಜಿಲ್ಲೆಯವರು. ಗೊರೂರು ಅಂದ್ರೆ ನಮಗೆಲ್ಲ ರಾಮಸ್ವಾಮಿ ಅಯ್ಯಂಗಾರರೇ ನೆನಪಾಗೋದು. ಅದೇ ಗೊರೂರಿನಲ್ಲಿ ಬೆಳೆದವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಮೇಷ್ಟ್ರ ಮಗ. ಬಿಜಾಪುರದ ಸೈನಿಕ ಶಾಲೆ, ಆಮೇಲೆ ಸೇನೆ. ಹೇಮಾವತಿ ಅಣೆಕಟ್ಟಿಗೆ ಮನೆತನದ ಜಮೀನು ಮುಳುಗಿತು. ಪರಿಹಾರವಾಗಿ ಸಿಕ್ಕಿದ್ದು ಜಾವಗಲ್ ಕಡೆಯ ಬರಡು ನೆಲ. ಸೇನೆ ಬಿಟ್ಟು ಬಂದು ಅಲ್ಲೇ ಗುಡಾರ ಹಾಕ್ಕೊಂಡು ತೆಂಗು, ರೇಷ್ಮೆ ಬೆಳೆದರು. 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿದ್ದು ಆ ರೇಷ್ಮೆ ಕೃಷಿಗೆ, ವಿಮಾನಕ್ಕಲ್ಲ!

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರುವಾಯ್ತು. ಕೈಯಲ್ಲಿದ್ದದ್ದು 48 ಸೀಟಿನ ಎಟಿಆರ್-42. ಮೊದಲ ಊರುಗಳಲ್ಲಿ ಹುಬ್ಬಳ್ಳಿ, ಮಂಗಳೂರು. ಸರ್ಕಾರದ ನಿಯಮವೂ ಕೈಹಿಡಿಯಿತು. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕ ಇಲ್ಲ, ಇಂಧನದ ಮಾರಾಟ ತೆರಿಗೆ ಬರೀ 4%. ಆದರೆ ಸೆಪ್ಟೆಂಬರ್‌ನಲ್ಲೇ ಪರೀಕ್ಷೆ ಎದುರಾಯ್ತು. ಹೈದರಾಬಾದ್‌ನಿಂದ ವಿಜಯವಾಡಕ್ಕೆ ಹೊರಟ ಮೊದಲ ವಿಮಾನ, ಒಳಗೆ ವೆಂಕಯ್ಯ ನಾಯ್ಡು, ಪತ್ರಕರ್ತರು. ರನ್‌ವೇನಲ್ಲೇ ಎಂಜಿನ್‌ಗೆ ಬೆಂಕಿ. ಎಲ್ಲರೂ ಬಚಾವ್. ಮರುದಿನ ನಾವು ಮಾಧ್ಯಮದವರು ಸುಮ್ನೆ ಬಿಡ್ತೀವಾ? ಬೇರೆಯವರಾಗಿದ್ದರೆ ಅಂಗಡಿ ಮುಚ್ಚುತ್ತಿದ್ದರು. ಇವರು ಮುಚ್ಚಲಿಲ್ಲ. 60ಕ್ಕೂ ಹೆಚ್ಚು ಊರಿಗೆ ಹಾರಿದರು, ಏರ್‌ಬಸ್ ತಂದರು, ರೂಪಾಯಿ ಟಿಕೆಟ್ ಕೊಟ್ಟರು. ನಷ್ಟವೂ ಹಾಗೇ ಬೆಳೀತು. ನನ್ನ ಪ್ರಕಾರ ಫ್ಯಾನ್ ವಿಮಾನದ ಲೆಕ್ಕ ಬಿಟ್ಟು ದೊಡ್ಡವರ ಜೊತೆ ಜೆಟ್ ಕುಸ್ತಿಗೆ ಇಳಿದದ್ದೇ ಭಾರವಾಯ್ತು. ಕೊನೆಗೆ ಕಂಪನಿ ಮಲ್ಯ ಅವರ ಕಿಂಗ್‌ಫಿಷರ್ ಪಾಲಾಯ್ತು.

ಈಗ ಹಾಸನಕ್ಕೇ ಬನ್ನಿ. ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆ ಆಯ್ತು. ನಾನು ಇದನ್ನ ಬರೆಯೋ ಹೊತ್ತಿಗೂ ಅಲ್ಲಿಂದ ಒಬ್ಬ ಪ್ರಯಾಣಿಕನೂ ಹಾರಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯ ಹುಡುಗ ವಿಮಾನ ಹತ್ತಬೇಕಂದ್ರೆ ದೇವನಹಳ್ಳಿಗೆ ಹೋಗಬೇಕು. ಅತ್ತ ಶಿವಮೊಗ್ಗದಲ್ಲಿ 2023ರ ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಯಾವ ವಿಮಾನ ಗೊತ್ತಾ? ಎಟಿಆರ್-72. ಅದೇ ಫ್ಯಾನ್ ಇರೋದು.