ಮಂಗಳೂರಿನಲ್ಲಿ ಕೈಗೊಂಡ ಒಂದು ಆಜೀವ ವ್ರತ

ದಕ್ಷಿಣ ಕನ್ನಡದ ಇತಿಹಾಸವನ್ನು ಬರೆದವರು ಮಿಶನ್ ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಶಾಲೆ-ಕಾಲೇಜುಗಳಿಗೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸಿದ್ದಾರೆ. ಅದೇ ಮಂಗಳೂರಿನ ಒಂದು ಮಠದ ಗೋಡೆಗಳೊಳಗೆ 1871ರ ನವೆಂಬರ್ 21ರಂದು ನಡೆದ ಸಂಗತಿಯತ್ತ ಮಾತ್ರ ಅವರ ಗಮನ ಅಷ್ಟಾಗಿ ಹರಿದಿಲ್ಲ. ಅಂದು ಮರಿಯಮ್ ಬವಾರ್ದಿ ಎಂಬ ಅರಬ್ ತರುಣಿ ಸಾಯುವವರೆಗೂ ಸಲ್ಲುವ ವ್ರತವನ್ನು ಸ್ವೀಕರಿಸಿದಳು. ಭಾರತದ ನೆಲದಲ್ಲಿ ಕಾರ್ಮೆಲ್ ಸಭೆಯ ಏಕಾಂತವಾಸಿ ಸನ್ಯಾಸಿನಿಯಾಗಿ ವ್ರತಬದ್ಧಳಾದವರಲ್ಲಿ ಆಕೆಯೇ ಮೊದಲಿಗಳು.

ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಹೋದಾಗ ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. 1956ರವರೆಗೂ ಅಲ್ಲಿಯೇ ಇತ್ತು. ಮದರಾಸು ಪಟ್ಟಣಕ್ಕೆ 1842ರಲ್ಲಿಯೇ ಐರ್ಲೆಂಡಿನ ಪ್ರೆಸೆಂಟೇಶನ್ ಭಗಿನಿಯರು ಬಂದಿದ್ದರು. ಅವರು ಶಾಲೆ ನಡೆಸಿದರು, ಆದ್ದರಿಂದ ದಾಖಲೆಗಳಲ್ಲಿ ಉಳಿದರು. ಮಂಗಳೂರಿನ ಮಠದವರಿಗೆ ತೋರಿಸಲು ಶಾಲೆಯಾಗಲಿ ಆಸ್ಪತ್ರೆಯಾಗಲಿ ಇರಲಿಲ್ಲ. ಪ್ರಾರ್ಥನೆ, ಮೌನ, ಮನೆಗೆಲಸ, ಇಷ್ಟೇ ಅವರ ಕಾಯಕ. ಸರಕಾರಿ ವರದಿಗಳನ್ನೇ ನೆಚ್ಚಿದ ನಮ್ಮ ಚರಿತ್ರಕಾರರಿಗೆ ಅವರು ಕಾಣಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಮರಿಯಮ್ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮನೆಗೆಲಸದವಳಾಗಿ ಊರೂರು ಅಲೆದು, 1867ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠವನ್ನು ಸೇರಿದಳು. 1870ರಲ್ಲಿ ಮಂಗಳೂರಿಗೆ ಹೊರಟ ಸ್ಥಾಪಕ ತಂಡದಲ್ಲಿ ಆಕೆಯೂ ಇದ್ದಳು. ಮೂವರು ಭಗಿನಿಯರು ದಾರಿಯಲ್ಲಿಯೇ ತೀರಿಕೊಂಡರು. ಮತ್ತೆ ಕೆಲವರನ್ನು ಕರೆಸಿಕೊಂಡ ಮೇಲೆಯೇ, ಆ ವರ್ಷದ ಕೊನೆಯಲ್ಲಿ, ಮಠಜೀವನ ಆರಂಭವಾಗಲು ಸಾಧ್ಯವಾಯಿತು.

ಇಲ್ಲಿ 'ವ್ರತ' ಎಂಬ ಮಾತನ್ನು ತುಸು ಪರಿಶೀಲಿಸಬೇಕು. ಕನ್ನಡಿಗರಿಗೆ ಆಜೀವ ವ್ರತ ಹೊಸದಲ್ಲ. ಶ್ರವಣಬೆಳಗೊಳದ ನಿಸಿದಿ ಶಾಸನಗಳು ವ್ರತವನ್ನು ದೇಹಾಂತದವರೆಗೆ ಕೊಂಡೊಯ್ದವರ ಹೆಸರುಗಳಿಂದ ತುಂಬಿವೆ. ಕಥೋಲಿಕ ಸನ್ಯಾಸದ ವ್ರತಗಳು ಮೂರು: ಬಡತನ, ಬ್ರಹ್ಮಚರ್ಯ, ವಿಧೇಯತೆ. ಮೊದಲನೆಯದು ಜೈನ ಮುನಿಗಳ ಅಪರಿಗ್ರಹಕ್ಕೆ ಸಮೀಪದ್ದು. ಎರಡನೆಯದಕ್ಕೆ ಎರಡೂ ಕಡೆ ಒಂದೇ ಹೆಸರು. ಮೂರನೆಯದಕ್ಕೆ ಮಾತ್ರ ಪಂಚಮಹಾವ್ರತಗಳಲ್ಲಿ ಜೋಡಿಯಿಲ್ಲ. ಗುರುವಿನ ಆಜ್ಞೆಗೆ ಬಾಗುವುದು ಜೈನರಲ್ಲಿಯೂ ಉಂಟು, ಆದರೆ ಅದು ಪ್ರತ್ಯೇಕ ಮಹಾವ್ರತವಲ್ಲ. ತನ್ನ ಇಚ್ಛೆಯನ್ನೇ ಮತ್ತೊಬ್ಬ ಮನುಷ್ಯನ ಕೈಗೊಪ್ಪಿಸುವ ಈ ವ್ರತವೇ ಮೂರರಲ್ಲಿ ಕಠಿಣವೆಂದು ನಮಗೆ ತೋರುತ್ತದೆ.

ಮರಿಯಮಳಿಗೆ ಒದಗಿದ ಪರೀಕ್ಷೆಯೂ ಅದರದೇ. ಅಡಿಗೆಮನೆಯಲ್ಲಿ ದುಡಿಯುತ್ತಿರುವಾಗಲೇ ಆಕೆಗೆ ಭಾವಸಮಾಧಿಯುಂಟಾಗುತ್ತಿತ್ತೆಂದು ಚರಿತ್ರೆಗಳು ಹೇಳುತ್ತವೆ. ಹಿರಿಯರು ಸಂಶಯಪಟ್ಟರು, 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಹಿಂದಿರುಗಿಸಲಾಯಿತು. ವ್ರತ ತೊಟ್ಟು ಇನ್ನೂ ವರ್ಷವೂ ತುಂಬಿರಲಿಲ್ಲ. ಸ್ವೀಕರಿಸಿದ ಮಠವೇ ಹೊರಗೆ ಕಳುಹಿದಾಗ ವ್ರತದ ಗತಿಯೇನು? ಸಭೆಯ ನಿಲುವು ಸ್ಪಷ್ಟ: ವ್ರತವನ್ನು ಕೇಳಿಕೊಳ್ಳುವವರು ಮಠದ ಹಿರಿಯರು, ಆದರೆ ಅದು ಸಲ್ಲುವುದು ದೇವರಿಗೆ. ಮಂಗಳೂರಿನಲ್ಲಿ ಆಡಿದ ಮಾತು ಪೋ ನಗರದಲ್ಲಿಯೂ, 1875ರ ಬಳಿಕ ಆಕೆ ಸೇರಿದ ಬೆತ್ಲೆಹೇಮಿನ ಹೊಸ ಮಠದಲ್ಲಿಯೂ ಆಕೆಯನ್ನು ಕಟ್ಟಿಯೇ ಇತ್ತು.

ಇಂದಿನ ಕ್ರಮ ಇಷ್ಟು ಅವಸರದ್ದಲ್ಲ. 1983ರ ಧರ್ಮಸಂಹಿತೆಯಂತೆ ಮೊದಲು ಕನಿಷ್ಠ 3 ವರ್ಷಗಳ ತಾತ್ಕಾಲಿಕ ವ್ರತವಿರಬೇಕು. ಆಜೀವ ವ್ರತಕ್ಕೆ 21 ವರ್ಷ ತುಂಬಿರಬೇಕು. ಹಿಂದೆ ಸರಿಯಲು ಅವಕಾಶವಿರುವ ಈ ನಡುಗಾಲ ವಿವೇಕದ ಏರ್ಪಾಡೆಂದೇ ನಮ್ಮ ಅಭಿಪ್ರಾಯ.

1878ರ ಆಗಸ್ಟ್‌ನಲ್ಲಿ ಮಠದ ಕಟ್ಟಡದ ಕೆಲಸಗಾರರಿಗೆ ನೀರು ಒಯ್ಯುತ್ತಿದ್ದಾಗ ಮರಿಯಮ್ ಬಿದ್ದು ತೋಳು ಮುರಿದುಕೊಂಡಳು. ಗಾಯ ಕೊಳೆತು 26ರಂದು ತೀರಿಕೊಂಡಳು, ತನ್ನ 32ನೆಯ ವಯಸ್ಸಿನಲ್ಲಿ. 2015ರ ಮೇ 17ರಂದು ರೋಮಿನಲ್ಲಿ ಆಕೆಯನ್ನು ಸಂತಳೆಂದು ಘೋಷಿಸಲಾಯಿತು.